ಅಂಬಾರಿಯ ಪಿಸ್ತೂಲು

19ನೇ ಶತಮಾನದಲ್ಲಿ ಆನೆಯೇರಿ ಹುಲಿಬೇಟೆಗೆ ಹೋಗುತ್ತಿದ್ದ ಬ್ರಿಟಿಷರು ಬಂದೂಕಿನ ಜೊತೆಗೆ ಗಿಡ್ಡ ಪಿಸ್ತೂಲೊಂದನ್ನೂ ಇಟ್ಟುಕೊಳ್ಳುತ್ತಿದ್ದರು. ಅದರ ಹೆಸರು ‘ಹೌದಾ ಪಿಸ್ತೂಲು’. ಹೌದಾ ಎಂದರೆ ಇಲ್ಲಿ ನಮ್ಮ ಪ್ರಶ್ನೆಯಲ್ಲ, ಹಿಂದೂಸ್ತಾನಿಯಲ್ಲಿ ಅಂಬಾರಿ!

ಗಾಯಗೊಂಡ ಹುಲಿ ಆನೆಯ ಮೈಯೇರಿದರೆ ಉದ್ದ ಬಂದೂಕು ತಿರುಗಿಸಲು ಜಾಗವಿಲ್ಲ, ಮತ್ತೆ ಮದ್ದು ತುಂಬಲು ಸಮಯವಿಲ್ಲ. ಅದಕ್ಕೇ ಎರಡು ನಳಿಗೆ, ಅರ್ಧ ಅಂಗುಲಕ್ಕೂ ದಪ್ಪನಾದ ಸೀಸದ ಗುಂಡು. ಲಂಡನ್ನಿನ ಲ್ಯಾಂಕಾಸ್ಟರ್ ಕಂಪನಿ ನಾಲ್ಕು ನಳಿಗೆಯ ಪಿಸ್ತೂಲನ್ನೂ ಮಾಡಿತು. ಆದರೂ ಇವು ದೂರದ ಗುರಿಗೆ ಒದಗುತ್ತಿರಲಿಲ್ಲ.

1972ರ ವನ್ಯಜೀವಿ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಕೊಂದರೆ ಅಪರಾಧವಲ್ಲವೆಂದಿತು. ಅನುಮತಿಯಿಲ್ಲದೆ ಅಭಯಾರಣ್ಯಕ್ಕೆ ಆಯುಧ ಒಯ್ಯಬಾರದೆಂದೂ ಹೇಳಿತು.

ವಯನಾಡು, ತಾಳವಾಡಿಯ ಕಾಡಂಚಿನ ಬಂಧುಗಳೇ, ಅಂಬಾರಿಯ ಎತ್ತರದಲ್ಲಿ ಕುಳಿತವರಿಗೂ ಪಿಸ್ತೂಲು ಕೊನೆಯ ಆಸರೆಯಷ್ಟೇ ಆಗಿತ್ತು. ನೆಲದ ಮೇಲೆ ನಡೆಯುವ ನಮಗೆ ದೂರವಿರುವುದೇ ಮೊದಲ ರಕ್ಷೆ.