ನೋವೇ ಹೆಸರಾದ ಕಾಯಿಲೆ

ರೋಗಗಳಿಗೆ ಹೆಸರಿಡುವವರು ಸಾಮಾನ್ಯವಾಗಿ ವೈದ್ಯರು. ಕೆಲವು ರೋಗಗಳು ಅವನ್ನು ಕಂಡುಹಿಡಿದವರ ಹೆಸರು ಹೊತ್ತಿವೆ. ಕೆಲವು ಊರಿನ ಹೆಸರು ಹೊತ್ತಿವೆ. ರೋಗಿಯ ನರಳಾಟವೇ ಹೆಸರಾಗಿ ನಿಂತ ರೋಗವೊಂದು ಜಪಾನಿನಲ್ಲಿದೆ. ಅದು ‘ಇತಾಯ್-ಇತಾಯ್’. ಜಪಾನೀ ನುಡಿಯಲ್ಲಿ ‘ಇತಾಯ್’ ಎಂದರೆ ‘ನೋಯುತ್ತಿದೆ’ ಎಂದರ್ಥ. ತೊಯಾಮಾ ಪ್ರಾಂತದಲ್ಲಿ ಜಿನ್‌ಜೂ ನದಿಯ ದಡದ ರೈತ ಹೆಂಗಸರು ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಹಾಗೆ ಕೂಗುತ್ತಿದ್ದರು. ಆ ಕೂಗು ೧೯೫೫ರಲ್ಲಿ ಪತ್ರಿಕೆಗೇರಿ ರೋಗದ ಹೆಸರಾಯಿತು. ಆದರೆ ಅದು ಕೇಳಿಬರತೊಡಗಿದ್ದು ೧೯೧೨ರ ಸುಮಾರಿಗೆ. ಅದರ ಕಾರಣವನ್ನು ಸರ್ಕಾರ ಒಪ್ಪಿಕೊಂಡದ್ದು ೧೯೬೮ರಲ್ಲಿ. ಈ ದೀರ್ಘ ವಿಳಂಬದ ಚರಿತ್ರೆಯನ್ನು ಇಲ್ಲಿ ನೆನೆಯಬೇಕೆಂದಿದ್ದೇನೆ.

ಜಿನ್‌ಜೂ ನದಿಯ ಮೇಲ್ಭಾಗದ ಬೆಟ್ಟಗಳಲ್ಲಿ ಕಾಮಿಯೋಕಾ ಎಂಬ ಹಳೆಯ ಗಣಿಯಿದೆ. ಮೊದಲು ಅಲ್ಲಿ ಬೆಳ್ಳಿ ತೆಗೆಯುತ್ತಿದ್ದರು. ೧೯ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದು ಮಿತ್ಸುಯಿ ಉದ್ಯಮ ಸಂಸ್ಥೆಯ ಕೈಸೇರಿತು. ಸೀಸ ಮತ್ತು ಸತುವಿನ ಉತ್ಪಾದನೆ ಬೆಳೆಯಿತು. ಯುದ್ಧಗಳು ಬಂದಂತೆಲ್ಲ ಲೋಹದ ಹಸಿವು ಹೆಚ್ಚಿತು. ಸತುವಿನ ಅದಿರಿನೊಳಗೆ ಅದರ ಒಡಹುಟ್ಟಿನಂತೆ ಇನ್ನೊಂದು ಲೋಹ ಅಡಗಿರುತ್ತದೆ. ೧೮೧೭ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಸ್ಟ್ರೊಮೆಯರ್ ಅದನ್ನು ಗುರುತಿಸಿದ, ಅದೇ ಕ್ಯಾಡ್ಮಿಯಂ. ಸತುವನ್ನು ಬಯಸಿದವರಿಗೆ ಅದು ಬೇಡದ ವಸ್ತು. ನುಣ್ಣಗೆ ಪುಡಿಯಾದ ಅದಿರಿನ ಉಳಿಕೆಯೊಡನೆ ಅದು ನದಿಗಿಳಿಯಿತು, ನದಿಯಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಬಂದಿತು. ಜನ ಆ ನೀರನ್ನೇ ಕುಡಿದರು. ಆ ಗದ್ದೆಯ ಅನ್ನವನ್ನೇ ಉಂಡರು.

ಈ ಲೋಹದ ಸ್ವಭಾವವೇ ಮೋಸದ್ದು. ನೀರಿಗೆ ಅದರಿಂದ ಬಣ್ಣ ಬರುವುದಿಲ್ಲ, ಅನ್ನದ ರುಚಿ ಕೆಡುವುದಿಲ್ಲ. ಉಂಡ ದಿನ ಏನೂ ಆಗುವುದಿಲ್ಲ. ದೇಹ ಅದನ್ನು ಮೂತ್ರಪಿಂಡಗಳಲ್ಲಿ ಕೂಡಿಡುತ್ತದೆ; ಹಾಗೆ ಕೂಡಿಟ್ಟದ್ದರಲ್ಲಿ ಅರ್ಧ ಹೊರಹೋಗಲು ಹತ್ತರಿಂದ ಮೂವತ್ತು ವರ್ಷ ಬೇಕು. ಬಡ್ಡಿ ಬೆಳೆಯುವ ಸಾಲದಂತೆ ಅದು ಏರುತ್ತಲೇ ಹೋಗಿ, ಒಂದು ದಿನ ಮೂತ್ರಪಿಂಡದ ಸೂಕ್ಷ್ಮನಾಳಗಳು ಸೋಲುತ್ತವೆ. ಆಗ ದೇಹಕ್ಕೆ ಬೇಕಾದ ಸುಣ್ಣ ಮತ್ತು ರಂಜಕದ ಅಂಶಗಳು ಮೂತ್ರದಲ್ಲಿ ಹರಿದುಹೋಗಿ ಮೂಳೆ ಮೆತ್ತಗಾಗುತ್ತದೆ. ಹಲವು ಮಕ್ಕಳನ್ನು ಹೆತ್ತು, ಮುಟ್ಟು ನಿಂತ ವಯಸ್ಸಿನ ಹೆಂಗಸರೇ ಹೆಚ್ಚಾಗಿ ಇದಕ್ಕೆ ಬಲಿಯಾದರು. ಕಬ್ಬಿಣದ ಅಂಶ ಕಡಮೆಯಾದ ಮೈ ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬಸಿರು, ಬಾಣಂತನ, ಗದ್ದೆಯ ದುಡಿಮೆಗಳಲ್ಲಿ ಸವೆದ ದೇಹಗಳನ್ನು ಅದು ಸುಲಭವಾಗಿ ಗೆದ್ದಿತು. ಕೆಮ್ಮಿದರೆ ಪಕ್ಕೆಲುಬು ಮುರಿಯುತ್ತಿತ್ತು. ಒಬ್ಬ ರೋಗಿಯ ಮೈಯಲ್ಲಿ ೭೨ ಕಡೆ ಮೂಳೆ ಮುರಿದಿತ್ತು. ಪೂರ್ವಕರ್ಮದ ಫಲವೆಂದು ನಾಚಿ ಮನೆಯವರು ರೋಗಿಯನ್ನು ಒಳಕೋಣೆಯಲ್ಲಿ ಮರೆಮಾಡುತ್ತಿದ್ದರು.

೧೯೪೬ರಲ್ಲಿ ನೊಬೊರು ಹಗಿನೊ ಎಂಬ ವೈದ್ಯ ಯುದ್ಧರಂಗದಿಂದ ತನ್ನೂರಿಗೆ ಹಿಂದಿರುಗಿ, ಮನೆತನದ ಆಸ್ಪತ್ರೆಯನ್ನು ವಹಿಸಿಕೊಂಡರು. ಅವರು ಮಾಡಿದ ಮೊದಲ ಕೆಲಸ, ಆ ಕೂಗಿಗೆ ಕಿವಿಗೊಟ್ಟದ್ದು. ಎರಡನೆಯದು, ರೋಗಿಗಳ ಮನೆಗಳನ್ನು ಭೂಪಟದಲ್ಲಿ ಗುರುತಿಸಿದ್ದು. ಚುಕ್ಕಿಗಳೆಲ್ಲ ಜಿನ್‌ಜೂ ನೀರು ಹಾಯುವ ಗದ್ದೆಗಳ ಸುತ್ತಲೇ ಕೂಡಿದವು. ನೆರೆಯ ನದಿಗಳ ನೀರುಂಡ ಊರುಗಳಲ್ಲಿ ಚುಕ್ಕಿ ಬೀಳಲಿಲ್ಲ. ೧೯೫೭ರಲ್ಲಿ ಹಗಿನೊ ಗಣಿಯತ್ತ ಬೆರಳು ತೋರಿದರು. ಅಪೌಷ್ಟಿಕತೆಯೇ ಕಾರಣವೆಂದು ವಾದಿಸಿದವರಿದ್ದರು. ನಮ್ಮ ಅಕ್ಕಿಯನ್ನು ಕೊಳ್ಳುವವರಾರು, ನಮ್ಮ ಮನೆಗೆ ಹೆಣ್ಣು ಕೊಡುವವರಾರು ಎಂದು ಊರವರೇ ಕೆಲವರು ಮುನಿದರು. ಒಕಯಾಮಾ ವಿಶ್ವವಿದ್ಯಾನಿಲಯದ ಜುನ್ ಕೊಬಯಾಷಿಯವರ ಪರೀಕ್ಷೆಗಳು ಕ್ಯಾಡ್ಮಿಯಂ ಇರುವುದನ್ನು ತೋರಿಸಿದವು. ೧೯೬೧ರಲ್ಲಿ ಹಗಿನೊ ಮತ್ತು ಕೃಷಿ ವಿಜ್ಞಾನಿ ಯೋಶಿಯೋಕಾ ತಮ್ಮ ನಿರ್ಣಯವನ್ನು ವಿದ್ವತ್ಸಭೆಯ ಮುಂದಿಟ್ಟರು.

೧೯೬೮ರ ಮಾರ್ಚಿಯಲ್ಲಿ ಸಂತ್ರಸ್ತರು ತೊಯಾಮಾ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಮೇ ತಿಂಗಳಲ್ಲಿ ಸರ್ಕಾರ ಇದನ್ನು ಮಾಲಿನ್ಯಜನ್ಯ ರೋಗವೆಂದು ಒಪ್ಪಿತು. ಜಪಾನಿನಲ್ಲಿ ಹಾಗೆ ಒಪ್ಪಲಾದ ಮೊದಲ ರೋಗವಿದು. ಲೋಹದ ಕಣ ದೇಹದೊಳಗೆ ಇಟ್ಟ ಒಂದೊಂದು ಹೆಜ್ಜೆಯನ್ನೂ ರುಜುವಾತುಪಡಿಸಬೇಕೆಂಬುದು ಸಂಸ್ಥೆಯ ಪಟ್ಟು. ಯಾರಿಗೆ, ಎಲ್ಲಿ, ಯಾವ ನೀರಿನಿಂದ ರೋಗ ಬಂದಿತೆಂಬ ಸಾಕ್ಷ್ಯ ಸಾಕು ಎಂಬುದು ನ್ಯಾಯಾಲಯದ ಉತ್ತರ. ೧೯೭೧ರ ಜೂನ್‌ನಲ್ಲಿ ರೈತರು ಗೆದ್ದರು. ೧೯೭೨ರ ಆಗಸ್ಟಿನಲ್ಲಿ ಮೇಲ್ಮನವಿಯಲ್ಲೂ ಗೆದ್ದರು.

ನನಗೆ ಹಿರಿದಾಗಿ ಕಾಣುವುದು ಇದರ ನಂತರದ ಅಧ್ಯಾಯ. ಪರಿಹಾರದ ಹಣ ಪಡೆದು ಮನೆಗೆ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ರೈತರು ಇನ್ನೊಂದು ಹಕ್ಕನ್ನೂ ಬರೆಸಿಕೊಂಡರು: ತಾವು ಕರೆತಂದ ತಜ್ಞರೊಡನೆ ಗಣಿಯೊಳಕ್ಕೆ ಹೋಗಿ ಪರೀಕ್ಷಿಸುವ ಹಕ್ಕು, ವೆಚ್ಚ ಸಂಸ್ಥೆಯದು. ಅಲ್ಲಿಂದೀಚೆಗೆ ಅವರು ವರ್ಷ ವರ್ಷವೂ ಆ ಬೆಟ್ಟ ಹತ್ತಿದರು. ಕೆಟ್ಟ ಗದ್ದೆಗಳಿಗೆ ಹೊಸ ಮಣ್ಣು ಹೊದಿಸುವ ಕೆಲಸ ಮೂರು ದಶಕಗಳಿಗೂ ಮೀರಿ ನಡೆದು, ಸುಮಾರು ೮೬೦ ಹೆಕ್ಟೇರುಗಳನ್ನು ಶುದ್ಧಪಡಿಸಿ, ೨೦೧೨ರಲ್ಲಿ ಮುಗಿಯಿತು. ಸೀಸ, ಸತುವಿನ ಗಣಿಗಾರಿಕೆ ೨೦೦೧ರಲ್ಲೇ ನಿಂತಿತ್ತು. ರೋಗಿಗಳೆಂದು ಸರ್ಕಾರ ಮಾನ್ಯ ಮಾಡಿದವರು ಸುಮಾರು ೨೦೦ ಮಂದಿ. ಮಾನ್ಯತೆ ಬರುವ ಮುನ್ನವೇ ಒಳಕೋಣೆಗಳಲ್ಲಿ ಅಳಿದವರು ಈ ಲೆಕ್ಕದಲ್ಲಿಲ್ಲ.

ನಾವೂ ಅನ್ನ ಉಣ್ಣುವ ಜನ. ಭತ್ತವೂ ಹೊಗೆಸೊಪ್ಪೂ ಮಣ್ಣಿನ ಕ್ಯಾಡ್ಮಿಯಂ ಅನ್ನು ಸುಲಭವಾಗಿ ಎಳೆದುಕೊಳ್ಳುತ್ತವೆ. ಅದು ಮನುಷ್ಯನಲ್ಲಿ ಅರ್ಬುದಕ್ಕೂ ಕಾರಣವೆಂದು ೧೯೯೩ರಲ್ಲಿ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆ ಸಾರಿತು. ಕುಡಿಯುವ ನೀರಿನಲ್ಲಿ ಲೀಟರಿಗೆ ೦.೦೦೩ ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನಕವೂ ಹೇಳುತ್ತದೆ. ಇಷ್ಟು ಸಣ್ಣ ಅಂಕಿಯ ಹಿಂದೆ ಎಷ್ಟು ದೊಡ್ಡ ನೋವಿದೆಯೆಂಬುದನ್ನು ಜಿನ್‌ಜೂ ದಡದ ಹೆಂಗಸರು ಬಲ್ಲರು. ಅವರು ಉಪಕರಣಗಳಿಗಿಂತ ಮೊದಲೇ ಸತ್ಯ ಹೇಳಿದ್ದರು. ಅದು ಒಂದೇ ಪದವಾಗಿತ್ತು; ಎರಡು ಸಲ ಹೇಳಿದ್ದರು.