ಗೋಲ್ಡನ್ ವೆಂಚರ್ ಹಡಗಿನವರು

1993ರ ಜೂನ್ 6ರ ನಡುರಾತ್ರಿ ಕಳೆದ ಮೇಲೆ ನ್ಯೂಯಾರ್ಕ್‌ನ ರಾಕವೇ ಕಡಲತೀರದ ಹತ್ತಿರ ‘ಗೋಲ್ಡನ್ ವೆಂಚರ್’ ಎಂಬ ಹಳೆಯ ಹಡಗು ಮರಳಿನಲ್ಲಿ ಸಿಕ್ಕಿಕೊಂಡಿತು. ಸರಕು ತುಂಬುವ ಜಾಗದಲ್ಲಿ 286 ಮಂದಿ ಚೀನೀಯರಿದ್ದರು. ದಡ ಹತ್ತಿರವೇ ಕಾಣುತ್ತಿತ್ತು. ಎಷ್ಟೋ ಜನ ಕೊರೆಯುವ ನೀರಿಗೆ ಹಾರಿದರು. 10 ಜನ ಸತ್ತರು.

ಹೆಚ್ಚಿನವರು ಫೂಜಿಯಾನ್ ಪ್ರಾಂತ್ಯದವರು. ಆಫ್ರಿಕಾವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಬಂದ ಈ ಪ್ರಯಾಣಕ್ಕೆ ತಲೆಗೆ ಸುಮಾರು 30,000 ಡಾಲರ್. ಮೊದಲು ಸ್ವಲ್ಪ ಮುಂಗಡ, ತಲುಪಿದ ಮೇಲೆ ಉಳಿದದ್ದು. ಹೊಸ ದೇಶದಲ್ಲಿ ಕಾಲಿಡುವ ಮೊದಲೇ ಹೆಗಲ ಮೇಲೆ ಸಾಲ. ಹೋಟೆಲಿನ ಅಡುಗೆಮನೆ, ಬಟ್ಟೆ ಹೊಲಿಯುವ ಕಾರ್ಖಾನೆ, ಎಲ್ಲಿ ಕೆಲಸ ಸಿಕ್ಕರೂ ವರ್ಷಗಟ್ಟಲೆ ದುಡಿದು ಅದನ್ನು ತೀರಿಸಬೇಕು. ಕಾಗದಪತ್ರ ಇಲ್ಲದವರು ಕೂಲಿ ಕಡಿಮೆಯಾಯಿತೆಂದು ಯಾರಿಗೆ ದೂರು ಕೊಟ್ಟಾರು?

ಹೀಗೆ ಜನರನ್ನು ಸಾಗಿಸುವವರಿಗೆ ಚೀನೀ ಭಾಷೆಯಲ್ಲಿ ‘ಹಾವಿನ ತಲೆ’ ಎಂಬ ಹೆಸರಿದೆ. ಹೆಸರು ಕೇಳಿ ಯಾರೋ ಮೀಸೆ ತಿರುವುವ ರೌಡಿ ಇರಬೇಕು ಅನ್ನಿಸುತ್ತದೆ. ಆದರೆ ಇವರಲ್ಲಿ ಎಲ್ಲರಿಗಿಂತ ಹೆಸರಾದವಳು ನ್ಯೂಯಾರ್ಕ್‌ನ ಚೈನಾಟೌನ್‌ನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಗೃಹಿಣಿ, ಚೆಂಗ್ ಚುಯಿ ಪಿಂಗ್. ತಾನೂ ಫೂಜಿಯಾನ್‌ನ ಹಳ್ಳಿಯವಳೇ. ಊರಿನವರಿಗೆ ಆಕೆ ‘ಪಿಂಗ್ ಅಕ್ಕ’. ಮನೆಗೆ ಹಣ ಕಳಿಸಬೇಕೆಂದರೂ ಅವಳ ಬಳಿಗೇ ಹೋಗುತ್ತಿದ್ದರು. 2000ದಲ್ಲಿ ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿಬಿದ್ದಳು. 2006ರಲ್ಲಿ 35 ವರ್ಷ ಶಿಕ್ಷೆಯಾಯಿತು, 2014ರಲ್ಲಿ ಜೈಲಿನಲ್ಲೇ ತೀರಿಕೊಂಡಳು. ಚೈನಾಟೌನ್‌ನಲ್ಲಿ ನಡೆದ ಅವಳ ಅಂತಿಮ ದರ್ಶನಕ್ಕೆ ನೂರಾರು ಜನ ಬಂದಿದ್ದರು. ಅಪರಾಧ ಅಪರಾಧವೇ, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೂ ಸರ್ಕಾರ ಮುಚ್ಚಿದ ಬಾಗಿಲನ್ನು ಅಕ್ಕ ತೆರೆದಳೆಂದು ನಂಬಿದವರು ಅಷ್ಟು ಜನ ಇದ್ದರು ಎನ್ನುವುದನ್ನೂ ಮರೆಯುವಂತಿಲ್ಲ.

ಹಡಗಿನಿಂದ ಇಳಿದವರ ಕಥೆ ಬೇರೆ. ಒಂದೇ ಮಗು ಎಂಬ ಚೀನಾದ ಕಾನೂನು, ಬಲವಂತದ ಸಂತಾನಹರಣ ಚಿಕಿತ್ಸೆ, ಇವನ್ನು ಹೇಳಿಕೊಂಡು ಹಲವರು ಆಶ್ರಯ ಕೇಳಿದರು. ಹೆಚ್ಚಿನ ಅರ್ಜಿಗಳು ತಿರಸ್ಕೃತವಾದವು. ಬಹಳ ಜನರನ್ನು ವಾಪಸ್ ಕಳಿಸಲಾಯಿತು. ಉಳಿದವರಲ್ಲಿ ಅನೇಕ ಗಂಡಸರು ಪೆನ್ಸಿಲ್ವೇನಿಯಾದ ಯಾರ್ಕ್ ಜೈಲಿನಲ್ಲಿ ಸುಮಾರು ನಾಲ್ಕು ವರ್ಷ ಕಳೆದರು. ಅಲ್ಲಿ ಹೊತ್ತು ಹೋಗಲೆಂದು ಹಳೆಯ ಪತ್ರಿಕೆಗಳ ಹಾಳೆ, ಟಾಯ್ಲೆಟ್ ಪೇಪರ್ ಮಡಿಸಿ ಹದ್ದು, ಪಂಜರದ ಹಕ್ಕಿ, ಹಡಗು ಮಾಡತೊಡಗಿದರು. ಒಟ್ಟು 10,000ಕ್ಕೂ ಹೆಚ್ಚು ಆದವು. ವಕೀಲರ ಖರ್ಚಿಗೆಂದು ಯಾರ್ಕ್ ಪಟ್ಟಣದ ಜನ ಅವನ್ನು ಮಾರಿದರು, ಜೈಲಿನ ಹೊರಗೆ ಪ್ರಾರ್ಥನೆಗೆ ನಿಂತರು.

1997ರ ಫೆಬ್ರವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಕೊನೆಗೆ ಉಳಿದಿದ್ದ ಐವತ್ತಕ್ಕೂ ಹೆಚ್ಚು ಜನರನ್ನು ಬಿಡುಗಡೆ ಮಾಡಿಸಿದರು. ಕೈಗೆ ಸಿಕ್ಕಿದ್ದು ಗ್ರೀನ್ ಕಾರ್ಡ್ ಅಲ್ಲ, ಪೆರೋಲ್ ಮಾತ್ರ. ಎಷ್ಟೋ ಮಂದಿ ಹೋಟೆಲುಗಳ ಅಡುಗೆಮನೆ ಸೇರಿದರು, ತೆರಿಗೆ ಕಟ್ಟುತ್ತಾ, ಇನ್ನೂ ಯಾವ ಕಾಯಂ ಕಾಗದವೂ ಇಲ್ಲದೆ.