ಮೊರಪ್ಪೂರಿನ ಹಳಿ, ಪೆರಂಬೂರಿನ ಡಬ್ಬಿ

ಮೊರಪ್ಪೂರು ಸ್ಟೇಷನ್ನಿನಲ್ಲಿ ನಿಂತಾಗಲೆಲ್ಲ ನಮಗೆ ಈಗ ಇಲ್ಲದ ಒಂದು ರೈಲು ನೆನಪಾಗುತ್ತದೆ. 1906ರಲ್ಲಿ ಇಲ್ಲಿಂದ ಧರ್ಮಪುರಿಗೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಹಾಕಿದ್ದರು. 1913ರಲ್ಲಿ ಅದು ಹೊಸೂರಿನವರೆಗೂ ಹೋಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಅದು ಮುಚ್ಚಿತು.

ಈಗ ಉಳಿದಿರುವುದು ಸೇಲಂ ಕಡೆಗೆ ಹೋಗುವ ದೊಡ್ಡ ಹಳಿ. ಅದರ ಮೇಲೆ ನಾವು ವರ್ಷಗಟ್ಟಲೆ ನೋಡಿದ ನೀಲಿ ಡಬ್ಬಿಗಳು 1955ರಲ್ಲಿ ಶುರುವಾದ ಪೆರಂಬೂರಿನ ಕಾರ್ಖಾನೆಯ ಮಾದರಿಯವು. ಆ ಮಾದರಿಯ ತಯಾರಿಕೆ 2018ರಲ್ಲಿ ನಿಂತಿತು. ಇರುವ ಹಳೆಯ ಡಬ್ಬಿಗಳು ಓಡಬೇಕಾದರೆ ರಿಪೇರಿಯೇ ಗತಿ. ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಡಬ್ಬಿಯನ್ನು ವರ್ಕ್‌ಶಾಪಿಗೆ ಒಯ್ದು, ಚಕ್ರದ ಮೇಲಿಂದ ಎತ್ತಿ, ಬ್ರೇಕು, ಸ್ಪ್ರಿಂಗು ಬಿಚ್ಚಿ ನೋಡುತ್ತಾರೆ. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುತ್ತಾರೆ. ನಮ್ಮ ಮೈಸೂರು, ಹುಬ್ಬಳ್ಳಿಯ ವರ್ಕ್‌ಶಾಪುಗಳಲ್ಲೂ ಇದೇ ಕೆಲಸ.

ಧರ್ಮಪುರಿಗೆ ಮತ್ತೆ ಹಳಿ ಹಾಕಲು ಶಂಕುಸ್ಥಾಪನೆ ಆದದ್ದು 2019ರಲ್ಲಿ, ಎಂದರೆ 78 ವರ್ಷಗಳ ಮೇಲೆ. ಹಳೆಯ ಡಬ್ಬಿಗೆ ತೇಪೆ ಹಾಕಿ ಓಡಿಸಬಹುದು. ಕಿತ್ತ ಹಳಿ ಮರಳಲು ತಲೆಮಾರುಗಳೇ ಬೇಕು. ಗಡಿಯಾಚೆಯ ನಮ್ಮ ಕನ್ನಡ ಶಾಲೆಗಳ ಮಾತೂ ಇದೇ. ಸೋರುವ ಮಾಡನ್ನು ಇಂದೇ ಸರಿಮಾಡೋಣ, ಬಾಗಿಲು ಮುಚ್ಚುವವರೆಗೆ ಕಾಯುವುದು ಬೇಡ.